ಮೋಟಾರಿನ ಲೇಬಲ್ ನಂಬಿ ಉಲ್ಕೆಯ ವೇಗ ಹೇಳಬೇಡಿ

ಸಂಪಾದಕರಿಗೆ,

ಉಲ್ಕೆಗಳ ಛಾಯಾಗ್ರಹಣದ ಬಗ್ಗೆ ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಚೆನ್ನಾಗಿತ್ತು. ಲೆನ್ಸಿನ ಮುಂದೆ ರೆಕ್ಕೆ ತಿರುಗಿಸಿ, ಉಲ್ಕೆಯ ಗೆರೆಯನ್ನು ತುಂಡುತುಂಡಾಗಿ ಮೂಡಿಸುವ ಉಪಾಯವನ್ನು ಲೇಖಕರು ಬಿಡಿಸಿ ಹೇಳಿದ್ದಾರೆ. ರೆಕ್ಕೆ ಸೆಕೆಂಡಿಗೆ ಎಷ್ಟು ಸಲ ಬೆಳಕನ್ನು ಕಡಿಯುತ್ತದೆಂದು ಗೊತ್ತಿದ್ದರೆ, ತುಂಡುಗಳ ಉದ್ದದಿಂದ ಉಲ್ಕೆಯ ವೇಗ ಲೆಕ್ಕ ಹಾಕಬಹುದು. ಆದರೆ ಆ ರೆಕ್ಕೆಯ ವೇಗವೆಷ್ಟು ಎಂಬ ಪ್ರಶ್ನೆಗೆ ‘ಮೋಟಾರಿನ ಮೇಲೆ ಬರೆದಿರುತ್ತದೆ’ ಎಂದು ಕೈತೊಳೆದುಕೊಂಡಿದ್ದಾರೆ. ಮೋಟಾರು ಬಿಚ್ಚಿ ವೈಂಡಿಂಗ್ ಮಾಡುವುದರಲ್ಲೇ ಆಯುಷ್ಯ ಕಳೆದ ನನಗೆ ಸುಮ್ಮನಿರಲಾಗಲಿಲ್ಲ.

ಸಣ್ಣ ಡಿಸಿ ಮೋಟಾರುಗಳ ಮೇಲೆ ಅಚ್ಚಾಗಿರುವುದು ಸಾಮಾನ್ಯವಾಗಿ ಹೊರೆಯಿಲ್ಲದಾಗಿನ ವೇಗ. ರೆಕ್ಕೆ ಹಾಕಿದೊಡನೆ ಗಾಳಿ ತಡೆಯುತ್ತದೆ. ಬ್ಯಾಟರಿ ಇಳಿದಂತೆ, ಚಳಿಗೆ ಗ್ರೀಸು ಗಟ್ಟಿಯಾದಂತೆ ಇನ್ನಷ್ಟು ಕುಗ್ಗುತ್ತದೆ. ನಿಮಿಷಕ್ಕೆ 1500 ಸುತ್ತಿನದು 1400ಕ್ಕೆ ಇಳಿಯಿತೆನ್ನಿ. ಎರಡು ರೆಕ್ಕೆಯಿದ್ದರೆ ಸೆಕೆಂಡಿಗೆ 50 ಕಡಿತಗಳ ಬದಲು ಸುಮಾರು 47 ಆಗುತ್ತವೆ. ಲೆಕ್ಕ ಮಾತ್ರ 50ರಲ್ಲೇ ನಡೆದರೆ, ಸೆಕೆಂಡಿಗೆ 59 ಕಿ.ಮೀ. ಧಾವಿಸುವ, ಆಗಸ್ಟಿನಲ್ಲಿ ಕಾಣುವ ಪರ್ಸೀಡ್ ಉಲ್ಕೆಗೆ 63 ಕಿ.ಮೀ. ವೇಗ ಬರುತ್ತದೆ. ನಾಲ್ಕೇ ಕಿಲೋಮೀಟರ್ ತಾನೇ ಎನ್ನಬೇಡಿ. ಪರ್ಸೀಡ್‌ಗಳ ಮೂಲವಾದ, ಸ್ವಿಫ್ಟ್–ಟಟಲ್ ಧೂಮಕೇತು ಉದುರಿಸಿದ ಧೂಳು ಸೂರ್ಯನ ಹಿಡಿತವನ್ನೇ ಮೀರಿ, ಬೇರಾವುದೋ ನಕ್ಷತ್ರದ ಕಡೆಯಿಂದ ಬಂದದ್ದೆಂದು ಕಾಗದದ ಮೇಲೆ ಸಾಬೀತಾಗಿಬಿಡುತ್ತದೆ! 1959ರಲ್ಲಿ ಚೆಕೊಸ್ಲೊವಾಕಿಯಾದ ಪ್ರಿಬ್ರಾಮ್ ಬಳಿ ಬಿದ್ದ ಉಲ್ಕಾಶಿಲೆಯ ಜಾಡನ್ನು ಮಂಗಳ, ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯವರೆಗೆ ಹಿಡಿಯಲಾದದ್ದು ಇಂಥದೇ ಕಡಿತಗಳ ಚಿತ್ರಗಳಿಂದ. ಕಡಿತಗಳ ಲೆಕ್ಕ ತಪ್ಪಿದ್ದರೆ ಆ ಜಾಡೂ ತಪ್ಪುತ್ತಿತ್ತು.

ಅಳೆಯುವುದೇನೂ ಕಷ್ಟವಲ್ಲ. ರೆಕ್ಕೆಯ ಒಂದು ಬದಿಗೆ ಎಲ್‌ಇಡಿ, ಇನ್ನೊಂದು ಬದಿಗೆ ಬೆಳಕು ಗ್ರಹಿಸುವ ಫೋಟೊಟ್ರಾನ್ಸಿಸ್ಟರ್ ಇಟ್ಟು, ಬೆಳಕು ಕಡಿದಾಗ ಹುಟ್ಟುವ ಮಿಡಿತವನ್ನು ಕಂಪ್ಯೂಟರಿನಲ್ಲಿ ಧ್ವನಿಯಂತೆ ದಾಖಲಿಸಿದರಾಯಿತು. ಸುತ್ತನ್ನು ರೆಕ್ಕೆಯಿಂದ ಗುಣಿಸುವ ಗೋಜಿಲ್ಲ, ಮಿಡಿತಗಳೇ ಕಡಿತಗಳು. ಎಲ್‌ಇಡಿಯನ್ನು ಮಾತ್ರ ಮರೆಮಾಡಿ, ಇಲ್ಲವಾದರೆ ಅದರ ಬೆಳಕೇ ಚಿತ್ರಕ್ಕೆ ನುಗ್ಗುತ್ತದೆ. ಸಂಜೆ ಒಮ್ಮೆ ಅಳೆದು ಮಲಗಿದರೆ ಸಾಲದು. ಬೇಕಾದದ್ದು ಉಲ್ಕೆ ಉರಿದ ಕ್ಷಣದ ವೇಗ, ಹಾಗಾಗಿ ಚಿತ್ರ ತೆಗೆಯುವಷ್ಟು ಹೊತ್ತೂ ದಾಖಲೆ ಓಡುತ್ತಿರಬೇಕು.

ಬೇಕಾದ ದರದಲ್ಲಿ ಮಿನುಗುವ ದೀಪವಾದ ಸ್ಟ್ರೋಬೊಸ್ಕೋಪ್ ಬಳಸಿ ರೆಕ್ಕೆಯ ವೇಗ ಅಳೆಯುವವರು ಒಂದು ರೆಕ್ಕೆಗೆ ಮಾತ್ರ ಸೀಮೆಸುಣ್ಣದ ಗುರುತು ಹಾಕಲಿ. ಮಿನುಗು ನಿಜವಾದ ವೇಗದ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿದಾಗಲೂ ಗುರುತು ನಿಂತಂತೆ ತೋರಿ ಮೋಸ ಮಾಡುತ್ತದೆ. ಗುರುತು ಒಂಟಿಯಾಗಿ ನಿಂತು ಕಾಣುವ ಅತಿ ಹೆಚ್ಚಿನ ದರವನ್ನೇ ನಂಬಬೇಕು. ಸಿಂಕ್ರೊನಸ್ ಮೋಟಾರು ವಿದ್ಯುತ್ ಜಾಲದ ಆವರ್ತನವನ್ನು ಹಿಡಿದು ಓಡುವುದರಿಂದ ಎಷ್ಟೋ ವಾಸಿ, ಆದರೂ ಆ ಆವರ್ತನವೇ ತುಸು ಅತ್ತಿತ್ತ ವಾಲುವುದುಂಟು.

ಮುಂದೆ ಓದುಗರ ಉಲ್ಕೆಯ ಚಿತ್ರಗಳನ್ನು ಪ್ರಕಟಿಸುವಾಗ, ಕ್ಯಾಮೆರಾ ಮತ್ತು ಲೆನ್ಸಿನ ವಿವರದೊಂದಿಗೆ ಸೆಕೆಂಡಿಗೆ ಎಷ್ಟು ಕಡಿತ, ಅದನ್ನು ಯಾವಾಗ, ಹೇಗೆ ಅಳೆದರು ಎಂಬುದನ್ನೂ ಕೇಳಿ ಪಡೆದು ಅಚ್ಚುಹಾಕಬೇಕೆಂದು ವಿನಂತಿ.

– ಒಬ್ಬ ಹವ್ಯಾಸಿ ಆಕಾಶ ವೀಕ್ಷಕ