ಸೊನ್ನೆ ಬೇರೆ, ಖಾಲಿ ಬೇರೆ

ಚಿತ್ರದುರ್ಗ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಎಂ.ಎಸ್ಸಿ. ಪ್ರಬಂಧದ ವಿಷಯ ಗಟ್ಟಿಯಾಯಿತೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. "ಯಾವ ಯಾವ ದೇಶದಲ್ಲಿ ಜನ ಯಾಕೆ ಬಂದೂಕು ಹಿಡೀತಾರೆ ಅಂತ ಲೆಕ್ಕ ಹಾಕ್ತಾಳಂತೆ, ಇದರಿಂದ ಕೆಲಸ ಸಿಗುತ್ತಾ?" ಅಂದ. ಕೆಲಸದ ಮಾತು ಆಮೇಲಿರಲಿ, ನನಗಂತೂ ಬಹಳ ಸಂತೋಷವಾಯಿತು. ನೀನು ಕಳಿಸಿದ ಲೇಖನಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿಸಿ ಹದಿನೈದು ದಿನ ಕೂತು ಓದಿದ್ದೇನೆ. ಸೂತ್ರಗಳು ಅರ್ಧಕ್ಕರ್ಧ ತಲೆಗೆ ಹತ್ತಲಿಲ್ಲ. ಆದರೆ ಅಂಕಿ ಹುಟ್ಟುವ ಜಾಗ ಯಾವುದು ಅನ್ನುವುದು ನನಗೆ ಗೊತ್ತು. ಅದೊಂದನ್ನು ನಿನಗೆ ಹೇಳಲೇಬೇಕು. ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರದ ಸಂಗತಿಯೂ ಇದರಲ್ಲಿದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಳ್ಳಕೆರೆ ಸೀಮೆಯ ಒಂದು ಹೋಬಳಿಯಲ್ಲಿ ಮಳೆ ಅಳೆಯುವುದು ನನ್ನ ಪಾಲಿಗೆ ಬಂದಿತ್ತು. ಕಚೇರಿಯ ಹಿಂದೆ ಮುಳ್ಳುತಂತಿ ಬೇಲಿ, ಅದರೊಳಗೆ ಮಳೆಮಾಪಕ. ಮೇಲೆ ಆಲಿಕೆ, ಒಳಗೆ ಬಾಟಲಿ. ದಿನಾ ಬೆಳಿಗ್ಗೆ 8:30ಕ್ಕೆ ಬಾಟಲಿ ತೆಗೆದು, ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ರಿಜಿಸ್ಟರಿನಲ್ಲಿ ಬರೆಯಬೇಕು. ಮಳೆ ಇಲ್ಲದಿದ್ದರೆ ಸೊನ್ನೆ.

ಒಂದು ವರ್ಷ ಶೇಂಗಾ ಕೀಳುವ ಕಾಲ. ನೆಂಟರ ಮನೆಯ ಮದುವೆಗೆಂದು ಬುಧವಾರ ಹೋದವನು ಭಾನುವಾರ ನಸುಕಿನಲ್ಲಿ ಬಂದೆ. ಯಾರಿಗೂ ಒಪ್ಪಿಸಿ ಹೋಗಿರಲಿಲ್ಲ. ಬಾಟಲಿಯಲ್ಲಿ 48 ಮಿಲಿಮೀಟರ್ ನೀರು ನಿಂತಿತ್ತು. ಯಾವ ದಿನದ್ದೆಂದು ಹೇಗೆ ಗೊತ್ತಾಗಬೇಕು? ಗುರುವಾರ, ಶುಕ್ರವಾರ, ಶನಿವಾರದ ಮುಂದೆ ಮೂರು ಸೊನ್ನೆ ಎಳೆದೆ. ಭಾನುವಾರದ ಮುಂದೆ 48 ಎಂದು ಬರೆದು ಸಹಿ ಹಾಕಿದೆ. ಪುಸ್ತಕ ನೋಡಲು ಅಚ್ಚುಕಟ್ಟಾಗಿತ್ತು.

ಎರಡು ತಿಂಗಳ ಮೇಲೆ ಒಬ್ಬ ರೈತರು ಬಂದರು. ಕಿತ್ತು ಗುಡ್ಡೆ ಹಾಕಿದ್ದ ಶೇಂಗಾ ಬಳ್ಳಿ ಗುರುವಾರ ರಾತ್ರಿಯ ಮಳೆಗೆ ನೆಂದು ಹಾಳಾಗಿತ್ತು. ಪರಿಹಾರದ ಅರ್ಜಿಯ ಮೇಲೆ "ಸದರಿ ದಿನಗಳಂದು ಮಳೆ ದಾಖಲಾಗಿರುವುದಿಲ್ಲ" ಎಂಬ ಷರಾ ಬಿದ್ದು ವಾಪಸ್ ಬಂದಿತ್ತು. ಅವರು ಟವಲಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಒಂದು ಹಿಡಿ ಕಾಯಿ ಸುರಿದರು. ಸಿಪ್ಪೆ ಕಪ್ಪಾಗಿತ್ತು, ಕೆಲವು ಕಾಯಿಗಳ ತುದಿ ಒಡೆದು ಬಿಳಿ ಮೊಳಕೆ ಬಂದು ಅದೂ ಒಣಗಿತ್ತು. "ಸ್ವಾಮಿ, ನನ್ನ ಬಳ್ಳಿ ನೆಂದೈತೆ, ನಿಮ್ಮ ಪುಸ್ತಕ ಮಾತ್ರ ನೆಂದಿಲ್ಲ" ಅಂದರು. ನಾನು ತಲೆ ತಗ್ಗಿಸಿ ಕೂತೆ. ಬಾಯಿ ಬಿಟ್ಟಿದ್ದರೆ ಅವರ ಅರ್ಜಿ ಉಳಿಯುತ್ತಿತ್ತು. ನೌಕರಿಯ ಹೆದರಿಕೆಗೆ ಬಿಡಲಿಲ್ಲ. ರಿಜಿಸ್ಟರಿನ ಆ ಮೂರು ಮನೆಗಳನ್ನು ನಾನು ಖಾಲಿ ಬಿಟ್ಟು "ಅಳೆದಿಲ್ಲ" ಎಂದು ಬರೆಯಬೇಕಿತ್ತು, ಪುಟ್ಟಿ. ಅಷ್ಟೇ ಸಾಕಿತ್ತು.

ನೀನೀಗ ಇಳಿಸಿಕೊಂಡಿರುವ ಕೋಷ್ಟಕದಲ್ಲಿ ಲಕ್ಷಗಟ್ಟಲೆ ಸಾಲುಗಳಿವೆ ಅಂದೆ. ಅದರಲ್ಲಿ ನನ್ನಂಥವನು ಎಳೆದ ಸೊನ್ನೆ ಎಷ್ಟಿರಬಹುದೆಂದು ಮೊದಲು ಕೇಳಿಕೋ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ಒಂದು ಕ್ಯಾಲೆಂಡರ್ ವರ್ಷದಲ್ಲಿ ಕಾಳಗದಿಂದ 25 ಸಾವಾದರೆ ಸಶಸ್ತ್ರ ಸಂಘರ್ಷ ಎಂದು ಪಟ್ಟಿಗೆ ಸೇರಿಸುತ್ತಾರೆ. ಡೇವಿಡ್ ಸಿಂಗರ್ 1963ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶುರು ಮಾಡಿದ ಯೋಜನೆಯಲ್ಲಿ ಯುದ್ಧ ಎನ್ನಿಸಿಕೊಳ್ಳಲು 1,000 ಸಾವು ಬೇಕು. ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು, ಅದು ತಪ್ಪಲ್ಲ. ಆದರೆ 24 ಜನ ಸತ್ತ ಕಣಿವೆಯಲ್ಲಿ ಆ ವರ್ಷ ನೆಮ್ಮದಿಯಿತ್ತು ಎಂದು ನಿನ್ನ ಕೋಷ್ಟಕ ಹೇಳಿದರೆ ನೀನು ನಂಬಬಾರದು. ಉಪ್ಸಾಲಾದವರ ಒಂದು ಗುಣ ನನಗೆ ಬಹಳ ಹಿಡಿಸಿತು. ಪ್ರತಿ ಘಟನೆಗೂ ಸಾವಿನ ಕನಿಷ್ಠ ಅಂದಾಜು, ಗರಿಷ್ಠ ಅಂದಾಜು ಎರಡನ್ನೂ ಕೊಡುತ್ತಾರೆ. ದಿನಾಂಕ ಎಷ್ಟು ಖಚಿತ, ಜಾಗ ಎಷ್ಟು ಖಚಿತ ಎಂಬುದಕ್ಕೆ ಬೇರೆ ಕಾಲಂ ಇಟ್ಟಿದ್ದಾರೆ. ನನ್ನ ರಿಜಿಸ್ಟರಿನಲ್ಲಿ ಅಂಥ ಕಾಲಂ ಒಂದಿದ್ದಿದ್ದರೆ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ಗೆಳತಿಯರು ಆ ಕಾಲಂಗಳನ್ನು ಅಳಿಸಿ ಫೈಲು ಹಗುರ ಮಾಡಿಕೊಳ್ಳುತ್ತಾರಂತೆ. ನೀನು ಹಾಗೆ ಮಾಡಬೇಡ.

ಆಫ್ರಿಕಾದಲ್ಲಿ ಮೊಬೈಲ್ ಸಿಗ್ನಲ್ ಬಂದ ಕಡೆ ಹಿಂಸೆ ಹೆಚ್ಚು ಎಂದು 2013ರಲ್ಲಿ ಬಂದ ಲೇಖನವನ್ನೂ ಓದಿದೆ. ಹೆಚ್ಚಿದ್ದು ಹಿಂಸೆಯೋ, ಸುದ್ದಿಯೋ? ನಿಲ್ಸ್ ವೈಡ್‌ಮನ್ ಅಫ್ಘಾನಿಸ್ತಾನದಲ್ಲಿ ಸೈನ್ಯದ ದಾಖಲೆಯನ್ನು ಪತ್ರಿಕೆಗಳ ವರದಿಯ ಪಕ್ಕದಲ್ಲಿಟ್ಟು ಇದನ್ನೇ ಕೇಳಿದರು. ಸಿಗ್ನಲ್ ಇರುವಲ್ಲಿ ನಡೆದದ್ದು ಹೊರಗೆ ಬರುತ್ತದೆ, ಇಲ್ಲದಲ್ಲಿ ಮಣ್ಣಾಗುತ್ತದೆ.

ಈ ವಿದ್ಯೆಗೆ ದಾರಿ ತೋರಿದ ಲೂಯಿಸ್ ಫ್ರೈ ರಿಚರ್ಡ್‌ಸನ್ ಮಳೆ ಗಾಳಿಯ ಲೆಕ್ಕದವರು ಎಂದು ತಿಳಿದಾಗ ನಮ್ಮ ಮನೆಯವರೇ ಸಿಕ್ಕ ಹಾಗಾಯಿತು. ಮೊದಲ ಮಹಾಯುದ್ಧದಲ್ಲಿ ಬಂದೂಕು ಮುಟ್ಟದೆ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದರು. 1920ರಲ್ಲಿ ಹವಾಮಾನ ಕಚೇರಿ ವಾಯು ಸಚಿವಾಲಯದ ಕೈಗೆ ಹೋದಾಗ ಕೆಲಸವನ್ನೇ ಬಿಟ್ಟರು. ಆಮೇಲೆ ಸಾವಿನ ಜಗಳಗಳನ್ನೆಲ್ಲ ಒಂದೇ ಮಾಪನದಲ್ಲಿ ಕೂರಿಸಿದರು: ಒಂದು ಕೊಲೆಗೆ 0, ಹತ್ತು ಸಾವಿಗೆ 1, ಹೀಗೆ ಏರುತ್ತ ಒಂದು ಕೋಟಿಗೆ 7. ಆ ಏಳನೇ ಮೆಟ್ಟಿಲಿನಲ್ಲಿ ಎರಡು ಮಹಾಯುದ್ಧಗಳು ಮಾತ್ರ. ನೆರೆಹೊರೆ ಹೆಚ್ಚಿದ್ದಷ್ಟೂ ಯುದ್ಧ ಹೆಚ್ಚೇ ಎಂದು ನೋಡಲು ಗಡಿಯ ಉದ್ದ ಹುಡುಕಿದರೆ, ಸ್ಪೇನ್ ಪೋರ್ಚುಗಲ್ ನಡುವಿನ ಒಂದೇ ಗಡಿಗೆ ಒಂದು ಕಡೆ 987 ಕಿಲೋಮೀಟರ್, ಇನ್ನೊಂದು ಕಡೆ 1,214 ಎಂದಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ. ಅಳತೆಗೋಲು ಚಿಕ್ಕದಾದಷ್ಟೂ ಗಡಿಯ ತಿರುವುಗಳು ಲೆಕ್ಕಕ್ಕೆ ಸಿಕ್ಕಿ ಉದ್ದ ಬೆಳೆಯುತ್ತದೆ.

ಇನ್ನು ಕಾರಣದ ಮಾತು. ಬಡತನದಿಂದ ಯುದ್ಧವೋ, ಯುದ್ಧದಿಂದ ಬಡತನವೋ? ಈ ಗೋಜಲು ಬಿಡಿಸಲು ಅರ್ಥಶಾಸ್ತ್ರಜ್ಞ ಮಿಗೆಲ್ ಮತ್ತು ಸಂಗಡಿಗರು 2004ರಲ್ಲಿ ಮಳೆಯನ್ನು ಹಿಡಿದರು. ಆಫ್ರಿಕಾದ 41 ದೇಶ, 1981ರಿಂದ 1999. ಬಂದೂಕು ಮಳೆಯನ್ನು ತಡೆಯಲಾರದು, ಆದರೆ ಮಳೆ ತಪ್ಪಿದರೆ ಕಣಜ ಬರಿದಾಗುತ್ತದೆ. ಹಾಗಾಗಿ ಮಳೆಯಿಂದ ಆದಾಯ, ಆದಾಯದಿಂದ ಜಗಳ ಎಂದು ಒಂದೇ ದಿಕ್ಕಿನಲ್ಲಿ ನಡೆಯಬಹುದು. ಎಂಥ ಸೊಗಸಾದ ಯೋಚನೆ! ಓದಿ ಎದ್ದು ಓಡಾಡಿದೆ. ಆದರೆ 2015ರಲ್ಲಿ ಹೆದರ್ ಸಾರ್ಸನ್ಸ್ ನಮ್ಮ ದೇಶದ ಜಿಲ್ಲೆಗಳನ್ನೇ ನೋಡಿದರು. ಅಣೆಕಟ್ಟಿನ ಕೆಳಗಿನ ಜಿಲ್ಲೆಗಳಲ್ಲಿ ಮಳೆ ಕೈಕೊಟ್ಟರೂ ಆದಾಯ ಅಷ್ಟಾಗಿ ಕುಸಿಯಲಿಲ್ಲ, ಆದರೂ ಗಲಭೆಗಳು ಮಳೆಯ ಹಿಂದೆಯೇ ಹೋದವು. ಅಂದರೆ ಮಳೆಯಿಂದ ಜಗಳಕ್ಕೆ ಬೇರೆ ದಾರಿಯೂ ಉಂಟು. ಅಣೆಕಟ್ಟು ಎಂದಾಗ ನಮ್ಮ ಮಾರಿಕಣಿವೆಯನ್ನೂ ನೆನೆ. ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. "ಅಣೆಕಟ್ಟು ಇದೆಯೇ" ಎಂಬ ಕಾಲಂನಲ್ಲಿ ನೀನು 1, ಅಂದರೆ ಹೌದು, ಎಂದು ತುಂಬಿದರೆ ಹಿರಿಯೂರಿನ ತೆಂಗಿನ ತೋಟದವರು ಒಪ್ಪುತ್ತಾರೆಯೇ, ಒಮ್ಮೆ ಕೇಳಿ ನೋಡು.

ಜಾತಿ, ಧರ್ಮ, ಭಾಷೆ ಹಲವಾದ್ದರಿಂದಲೇ ಕಡಿದಾಡುತ್ತಾರೆ ಎಂದು ನಿನಗೆ ಎಲ್ಲರೂ ಹೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲೂ ಹೇಳುತ್ತಾರೆ. ರಾಜ್ಯಶಾಸ್ತ್ರಜ್ಞರಾದ ಫಿಯರನ್ ಮತ್ತು ಲೈಟಿನ್ 1945ರಿಂದ 1999ರವರೆಗಿನ 127 ಅಂತರ್ಯುದ್ಧಗಳನ್ನು ನೋಡಿದಾಗ ವೈವಿಧ್ಯ ಹೆಚ್ಚಿದ್ದಲ್ಲಿ ಯುದ್ಧ ಹೆಚ್ಚು ಎಂಬುದು ನಿಲ್ಲಲಿಲ್ಲ. ಬಡತನ, ಬಲಹೀನ ಸರ್ಕಾರ, ಗುಡ್ಡಗಾಡು ಇವೇ ಎದ್ದು ಕಂಡವು. ಹಾಗಾದರೆ ಸಮುದಾಯದ ನೋವಿಗೂ ಯುದ್ಧಕ್ಕೂ ಸಂಬಂಧವೇ ಇಲ್ಲವೇ? ಅದಕ್ಕೆ ಉತ್ತರ ಆ ಕೋಷ್ಟಕದಲ್ಲಿರಲಿಲ್ಲ, ಯಾಕೆಂದರೆ ಯಾರನ್ನು ಅಧಿಕಾರದಿಂದ ಹೊರಗಿಟ್ಟಿದ್ದಾರೆ ಎಂಬ ಕಾಲಂ ಅಲ್ಲಿರಲಿಲ್ಲ. ಸೆಡರ್‌ಮನ್, ವಿಮ್ಮರ್, ಮಿನ್ ಆ ಕಾಲಂ ಕಟ್ಟಿ 2010ರಲ್ಲಿ ತೋರಿಸಿದರು: ಅಧಿಕಾರದಿಂದ ದೂರವಿಟ್ಟ ಗುಂಪುಗಳು, ಅದರಲ್ಲೂ ಇದ್ದ ಪಾಲನ್ನು ಇತ್ತೀಚೆಗೆ ಕಳೆದುಕೊಂಡವು, ಬಂಡೇಳುವುದು ಹೆಚ್ಚು. ಪಂಕ್ತಿಯಲ್ಲಿ ಕೂತವರ ತಲೆ ಎಣಿಸುವುದು ಒಂದು, ಯಾರಿಗೆ ಎಲೆ ಹಾಕಲಿಲ್ಲ ಎಂದು ನೋಡುವುದು ಇನ್ನೊಂದು. ಇದನ್ನು ನೀನು ದಯವಿಟ್ಟು ಮರೆಯಬೇಡ. ತಪ್ಪು ಕಾರಣ ಬರೆದರೆ ಅದರ ಏಟು ಬೀಳುವುದು ಯಾವುದೋ ಕೇರಿಯ ಮೇಲೆ.

ದೀಪಾವಳಿಗೆ ಬಂದಾಗ ಬ್ರಹ್ಮಗಿರಿಗೆ ಹೋಗೋಣ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ, ಅಶೋಕನ ಶಾಸನ ಇರುವ ಜಾಗ. ತಂದೆತಾಯಿಯ ಮಾತು ಕೇಳಿ, ನಿಜ ಹೇಳಿ ಎಂದು ಅಲ್ಲಿ ಕೆತ್ತಿಸಿದ್ದಾನೆ. ಕಳಿಂಗದಲ್ಲಿ ಒಂದು ಲಕ್ಷ ಜನರನ್ನು ಕೊಂದೆವು, ಒಂದೂವರೆ ಲಕ್ಷ ಜನರನ್ನು ಎಳೆದೊಯ್ದೆವು, ಅದರ ಹಲವು ಪಟ್ಟು ಜನ ಸತ್ತರು ಎಂದು ಅವನೇ ಹೇಳಿಸಿದ್ದು ಹದಿಮೂರನೇ ಶಾಸನದಲ್ಲಿ. ಅದು ನಮ್ಮ ಬಂಡೆಯ ಮೇಲಿಲ್ಲ, ಆಂಧ್ರದ ಎರ್ರಗುಡಿಯಲ್ಲಿದೆ. ಕಳಿಂಗದೊಳಗೇ ಇರುವ ಧೌಲಿ, ಜೌಗಡದ ಬಂಡೆಗಳಲ್ಲಿ ಆ ಶಾಸನವನ್ನು ಕೆತ್ತಿಸಿಲ್ಲ. ಯುದ್ಧವಾದ ನೆಲದಲ್ಲೇ ಯುದ್ಧದ ಲೆಕ್ಕವಿಲ್ಲ.

ಬರುವಾಗ, ಯಾವ ಕಾಲಂಗೆ ಏನರ್ಥ ಎಂದು ಹೇಳುವ ನಿನ್ನ ಕೋಷ್ಟಕದ ಕೋಡ್‌ಬುಕ್ ಮುದ್ರಿಸಿ ತಾ, ಅಕ್ಷರ ದೊಡ್ಡದಿರಲಿ. ಮೊದಲು ಅದನ್ನು ಇಬ್ಬರೂ ಕೂತು ಓದೋಣ. ನಿಮ್ಮ ದೊಡ್ಡಮ್ಮ ಶೇಂಗಾ ಹೋಳಿಗೆ ಮಾಡಿರುತ್ತಾಳೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ