ನೋಟ್ಸ್‌ನಲ್ಲಿ ಸಿಗದ ಮಿಸ್ ಗೇಟ್ಸ್

ಮಾನ್ಯ ಸಂಪಾದಕರೇ,

ಈಗಿನ ಮಕ್ಕಳು ಪುಸ್ತಕ ಮುಟ್ಟಲ್ಲ ಅಂತ ಎಲ್ಲರೂ ದೂರುತ್ತಾರೆ. ನನ್ನ ತಕರಾರು ಬೇರೆ. ಪಾಠಕ್ಕೆ ಅಂತ ಒಳ್ಳೆಯ ಪುಸ್ತಕ ಕೊಟ್ಟು, ಅದನ್ನು ಓದದೇ ಇರುವ ದಾರಿಯನ್ನೂ ನಾವೇ ಕೊಡುತ್ತಿದ್ದೇವೆ.

ದಸರಾ ರಜೆಗೆ ಬೆಂಗಳೂರಿಂದ ಅಕ್ಕನ ಮಗಳು ಬಂದಿದ್ದಳು. ಒಂಬತ್ತನೇ ಕ್ಲಾಸು. ಬ್ಯಾಗಿನಲ್ಲಿ ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಇತ್ತು. ಪುಸ್ತಕ ಇನ್ನೂ ಗರಿಗರಿ. ಜೊತೆಗಿದ್ದ 12 ಪುಟದ ಜೆರಾಕ್ಸ್ ನೋಟ್ಸ್ ಮಾತ್ರ ಹಳದಿ ಹೈಲೈಟರ್ ಬಳಿದೂ ಬಳಿದೂ ಮೆತ್ತಗಾಗಿತ್ತು. ಅಟಿಕಸ್ ಫಿಂಚ್: ಆದರ್ಶ ತಂದೆ, ಧೈರ್ಯವಂತ ವಕೀಲ, 5 ಅಂಕ. ಬಾಬ್ ಯೂವೆಲ್: ಕುಡುಕ, ಸುಳ್ಳುಗಾರ, ಪೂರ್ವಗ್ರಹದ ಸಂಕೇತ, 3 ಅಂಕ. “ಕಾದಂಬರಿ ಓದಿದ್ಯಾ?” ಅಂದೆ. “ಅದು ಬೇಕಾಗಲ್ಲ ಮಾಮ, ಎಲ್ಲ ಇದರಲ್ಲೇ ಇದೆ.”

ಗೊತ್ತಿಲ್ಲದವರಿಗೆ ಎರಡು ಮಾತು. 1960ರಲ್ಲಿ ಬಂದ ಕಾದಂಬರಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಅಮೆರಿಕದ ಅಲಬಾಮಾದಲ್ಲಿ ಮೇಕೂಂಬ್ ಅನ್ನುವ ಕಲ್ಪನೆಯ ಊರು, 1930ರ ದಶಕದ ಬರಿಗೈ ಕಾಲ. ಸ್ಕೌಟ್ ಎಂಬ ಪುಟ್ಟ ಹುಡುಗಿ ಕಥೆ ಹೇಳುತ್ತಾಳೆ. ಮಾಡದ ಅತ್ಯಾಚಾರದ ಆರೋಪ ಹೊತ್ತ ಟಾಮ್ ರಾಬಿನ್ಸನ್ ಎಂಬ ಕಪ್ಪು ಜನಾಂಗದ ಕೂಲಿಯಾಳಿನ ಪರವಾಗಿ ಅವಳ ಅಪ್ಪ ಅಟಿಕಸ್ ಕೋರ್ಟಿನಲ್ಲಿ ನಿಲ್ಲುತ್ತಾನೆ. ಆರೋಪ ಹೊರಿಸಿದ ಹುಡುಗಿ ಬಾಬ್ ಯೂವೆಲ್‌ನ ಮಗಳು. ಅವಳಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಗಡೆ, ಅಂದರೆ ಎಡಗೈಯ ಹೊಡೆತ. ಟಾಮ್‌ನ ಎಡಗೈ ಹುಡುಗನಾಗಿದ್ದಾಗಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಂತಾಗಿದೆ. ಹೊಡೆದವನು ಇವನಲ್ಲ ಅಂತ ಎಲ್ಲರ ಕಣ್ಣಿಗೂ ಕಾಣುತ್ತೆ. ಆದರೂ ಜ್ಯೂರಿಯವರು ಅಪರಾಧಿ ಅಂತಲೇ ಹೇಳುತ್ತಾರೆ.

ನೋಟ್ಸ್ ಕಿತ್ತಿಟ್ಟುಕೊಂಡೆ. ಸಂಜೆ ಜಗುಲಿಯಲ್ಲಿ ಕೂತು ದಿನಕ್ಕೆ ಮೂರು ಅಧ್ಯಾಯದಂತೆ 31 ಅಧ್ಯಾಯ ಓದಿ ಮುಗಿಸಿದೆವು. ಆ ಕಡೆಯ ಆಡುಮಾತಿನ ಇಂಗ್ಲಿಷ್ ಅವಳಿಗೆ ತೊಡಕಾದಾಗ ನಾನು ನಮ್ಮ ಶಿವಮೊಗ್ಗದ ಮಾತಿಗೆ ತಿರುಗಿಸುತ್ತಿದ್ದೆ, ಅಮ್ಮ ಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ವಾಲ್ಟರ್ ಅನ್ನುವ ಬಡ ರೈತನ ಹುಡುಗ ಸ್ಕೌಟ್ ಮನೆಗೆ ಊಟಕ್ಕೆ ಬಂದು, ನಮ್ಮ ಜೋನಿಬೆಲ್ಲದಂಥ ಪಾಕವನ್ನು ತರಕಾರಿ, ಮಾಂಸ ಎಲ್ಲದರ ಮೇಲೂ ಸುರಿದುಕೊಳ್ಳುತ್ತಾನೆ. ಇದೇನಿದು ಅಂತ ಸ್ಕೌಟ್ ಎಲ್ಲರೆದುರೇ ಕೇಳಿಬಿಡುತ್ತಾಳೆ. ಅಡುಗೆಯ ಕ್ಯಾಲ್ಪರ್ನಿಯಾ ಅವಳನ್ನು ಒಳಗೆ ಕರೆದು ಚೆನ್ನಾಗಿ ಬೈಯುತ್ತಾಳೆ. “ಸರಿಯಾಗೇ ಬೈದಳು, ಹಸಿದ ಹುಡುಗ, ಏನಾದ್ರೂ ಸುರ್ಕೊಳ್ಳಲಿ” ಅಂದರು ಅಮ್ಮ. ಎಷ್ಟೋ ಅಧ್ಯಾಯ ಆದ ಮೇಲೆ, ಅದೇ ವಾಲ್ಟರ್‌ನನ್ನು ಮನೆಗೆ ಕರೀತೀನಿ ಅಂತ ಸ್ಕೌಟ್ ಹೇಳಿದರೆ ಅತ್ತೆ ಒಪ್ಪುವುದಿಲ್ಲ, ಅವರೆಲ್ಲ ನಮ್ಮಂಥವರಲ್ಲ ಅನ್ನುತ್ತಾಳೆ. ಅಮ್ಮ ಬತ್ತಿ ಕೆಳಗಿಟ್ಟು ಕೇಳಿದರು: “ಯಾವ ಜನವೋ ಅವರು?” ಹುಡುಗಿ ನಗು ತಡೆಯಲಾರದೆ ನನ್ನ ಮುಖ ನೋಡಿದಳು. ನಾನು ಸುಮ್ನೆ ಪುಟ ತಿರುಗಿಸಿದೆ.

ಅವಳು ಜಾಸ್ತಿ ಹೊತ್ತು ನಿಂತಿದ್ದು 26ನೇ ಅಧ್ಯಾಯದಲ್ಲಿ. ಸ್ಕೌಟ್‌ಳ ಟೀಚರ್ ಮಿಸ್ ಗೇಟ್ಸ್ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ಪ್ರಜಾಪ್ರಭುತ್ವ’ ಅಂತ ಬರೆದು, ಹಿಟ್ಲರ್ ಯಹೂದಿಗಳಿಗೆ ಕೊಡುವ ಹಿಂಸೆ ಹೇಳುತ್ತ ಮರುಗುತ್ತಾಳೆ, ನಮ್ಮಲ್ಲಿ ಹಾಗೆಲ್ಲ ಯಾರನ್ನೂ ಹಿಂಸಿಸಲ್ಲ ಅನ್ನುತ್ತಾಳೆ. ಇದೇ ಟೀಚರ್ ಆ ದಿನ ಕೋರ್ಟಿನ ಮೆಟ್ಟಿಲಿಳಿಯುವಾಗ, ಈ ಕರಿಯರಿಗೆ ಯಾರಾದರೂ ಬುದ್ಧಿ ಕಲಿಸಲೇಬೇಕಿತ್ತು, ತುಂಬ ಮೇಲೆ ಹಾರುತ್ತಿದ್ದಾರೆ ಅಂದಿದ್ದು ಸ್ಕೌಟ್ ಕಿವಿಗೆ ಬಿದ್ದಿರುತ್ತೆ. ಮಗುವಿಗೆ ಇದು ಅರಗುವುದಿಲ್ಲ. ಅಣ್ಣ ಜೆಮ್‌ನನ್ನು ಕೇಳಿದರೆ ಅವನು ಸಿಡಿದು ಬೀಳುತ್ತಾನೆ, ಕೋರ್ಟಿನ ಸುದ್ದಿ ಎತ್ತಲೇಬೇಡ ಅನ್ನುತ್ತಾನೆ.

12 ಪುಟ ತಿರುವಿ ಹಾಕಿದೆ. ಮಿಸ್ ಗೇಟ್ಸ್ ಹೆಸರೇ ಇಲ್ಲ. ವಾಲ್ಟರ್ ಊಟದ ಕಥೆ ಅರ್ಧ ಸಾಲು. ಊರಿನ ಪೂರ್ವಗ್ರಹವನ್ನೆಲ್ಲ ತಿಪ್ಪೆಯ ಪಕ್ಕ ವಾಸ ಮಾಡುವ ಆ ಬಾಬ್ ಯೂವೆಲ್ ಒಬ್ಬನ ತಲೆಗೆ ಕಟ್ಟಿ ಮುಗಿಸಿದ್ದಾರೆ. ಕಾದಂಬರಿಯಲ್ಲಿ ಹಾಗಿಲ್ಲ ಸ್ವಾಮಿ. ಚರ್ಚಿಗೆ ಹೋಗುವವರು, ಚಹಾಕ್ಕೆ ಕರೆದು ಕೇಕ್ ಕೊಡುವವರು, ಪಾಠ ಹೇಳುವವರು, ಅಂದರೆ ಪರೀಕ್ಷೆಯಲ್ಲಿ ‘ಒಳ್ಳೆಯವರು’ ಅಂತ ಬರೆಯಬೇಕಾದವರೇ ಅಲ್ಲಿ ತುಂಬಿದ್ದಾರೆ.

ರಜೆ ಮುಗಿದ ಮೇಲೆ ಟೆಸ್ಟಿನಲ್ಲಿ ಪೂರ್ವಗ್ರಹದ ಪ್ರಶ್ನೆ ಬಂತಂತೆ. ಇವಳು ಮಿಸ್ ಗೇಟ್ಸ್ ಬಗ್ಗೆ ಒಂದೂವರೆ ಪುಟ ಬರೆದಳು. 5ಕ್ಕೆ 2. ಪಕ್ಕದಲ್ಲಿ ಕೆಂಪು ಶಾಯಿ: ನೋಟ್ಸ್ ಪ್ರಕಾರ ಬರೆಯುವುದು. ಟೀಚರನ್ನು ಬೈಯಲು ಮನಸ್ಸಾಗುವುದಿಲ್ಲ. ಸೆಕ್ಷನ್‌ಗೆ ಅಷ್ಟೊಂದು ಮಕ್ಕಳು, ಪೋರ್ಷನ್ ಮುಗಿಸುವ ಗಡಿಬಿಡಿ, ಅವರಿಗಾದರೂ ಪುಸ್ತಕ ಪೂರ್ತಿ ಓದಲು ಪುರುಸೊತ್ತು ಕೊಟ್ಟವರು ಯಾರು? ಆದರೆ ಪ್ರಶ್ನೆಪತ್ರಿಕೆ ತೆಗೆಯುವವರು ಅಟಿಕಸ್‌ನ ಗುಣಗಾನ ಒಂದು ವರ್ಷ ಬಿಟ್ಟು, ಜೆಮ್ ತಂಗಿಯ ಮೇಲೆ ಯಾಕೆ ಸಿಡುಕಿದ ಅಂತ ಕೇಳಿ ನೋಡಲಿ. ಅದಕ್ಕೆ ನೋಟ್ಸ್ ಮಾಡುವುದು ಕಷ್ಟ.

1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಕೌಂಟಿಯ ಶಾಲಾ ಮಂಡಳಿ ಈ ಪುಸ್ತಕ ಅನೈತಿಕ ಅಂತ ತೆಗೆಸಿದಾಗ, ಹಾರ್ಪರ್ ಲೀ ರಿಚ್ಮಂಡಿನ ಒಂದು ಪತ್ರಿಕೆಗೆ ಹೀಗೇ ಸಂಪಾದಕರಿಗೆ ಪತ್ರ ಬರೆದಿದ್ದರು. ಜೊತೆಗೆ ಒಂದಿಷ್ಟು ದುಡ್ಡನ್ನೂ ಇಟ್ಟು, ಆ ಮಂಡಳಿಯವರನ್ನು ಯಾವುದಾದರೂ ಒಂದನೇ ಕ್ಲಾಸಿಗೆ ಸೇರಿಸಿ ಅಂದಿದ್ದರು. ನಾನು ದುಡ್ಡು ಇಟ್ಟಿಲ್ಲ. ಆ 12 ಪುಟ ಹುಡುಗಿ ನಮ್ಮ ಜಗುಲಿಯಲ್ಲೇ ಬಿಟ್ಟು ಹೋಗಿದ್ದಾಳೆ. ಬೇಕಾದವರು ಬಂದು ತಗೊಂಡು ಹೋಗಬಹುದು.

– ಒಬ್ಬ ಓದುಗ, ಶಿವಮೊಗ್ಗ