ಮೂವತ್ತೈದು ದಿನದ ಮರಿಯ ಜಾಹೀರಾತು ಬೇಡ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟದಲ್ಲಿ ಸೈಟು, ಬಾಡಿಗೆ ಮನೆ, ಹಳೇ ಸ್ಕೂಟರುಗಳ ನಡುವೆ ನಾಯಿಮರಿಯ ಸಾಲುಗಳೂ ಬರುತ್ತವೆ. ‘ಲ್ಯಾಬ್ರಡಾರ್ ಮರಿಗಳು, 35 ದಿನ, ಎಲ್ಲ ಲಸಿಕೆ ಆಗಿದೆ, ಮೈಸೂರು–ಮಂಡ್ಯ ಮನೆ ಬಾಗಿಲಿಗೆ’ ಎಂಬ ಧಾಟಿಯವು. ಈ ಒಂದೇ ಸಾಲಿನಲ್ಲಿ ಎರಡು ತಪ್ಪುಗಳಿವೆ. ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟಕ್ಕೆಂದೇ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇನ್ನು ‘ಎಲ್ಲ ಲಸಿಕೆ’ಯ ಮಾತು. ರೇಬಿಸ್ ಚುಚ್ಚುಮದ್ದು ಹಾಕುವುದೇ ಮೂರು ತಿಂಗಳಿಗೆ. ತಿಂಗಳು ದಾಟಿದ ಮರಿಗೆ ಎಲ್ಲವೂ ಆಗಿದೆ ಎಂದರೆ ಬರೆದವರಿಗೆ ಗೊತ್ತಿಲ್ಲ, ಇಲ್ಲವೇ ಓದುವವರಿಗೆ ಗೊತ್ತಿಲ್ಲ ಎಂಬ ಧೈರ್ಯ.

ಮೂರು ವಾರ ಆಚೀಚೆ ಆದರೆ ಏನು ಮುಳುಗಿಹೋಗುತ್ತದೆ ಎಂದು ಮಾರುವವರೂ ಕೇಳುತ್ತಾರೆ, ಕೊಳ್ಳುವವರೂ ಕೇಳುತ್ತಾರೆ. ಐದಾರು ವಾರದ ಮರಿಗಳು ತಾಯಿಯ ಜೊತೆ ಇರುವಾಗ ಅರ್ಧ ಗಂಟೆ ಸುಮ್ಮನೆ ಕೂತು ನೋಡಿದರೆ ಉತ್ತರ ಸಿಗುತ್ತದೆ. ಆ ಹೊತ್ತಿಗೆ ಮರಿಯ ಹಾಲುಹಲ್ಲು ಸೂಜಿಮೊನೆಯಂತಿರುತ್ತದೆ. ಮೊಲೆಗೆ ಬಾಯಿ ಹಾಕಿದರೆ ತಾಯಿಗೆ ನೋವು. ಮೊದಲು ಗುರ್ ಎನ್ನುತ್ತದೆ. ಮರಿ ಬಿಡದಿದ್ದರೆ ಮೂತಿಯಲ್ಲಿ ಒತ್ತಿ ನೆಲಕ್ಕೆ ಹಿಡಿಯುತ್ತದೆ, ಆಮೇಲೆ ಎದ್ದು ಹೋಗಿಬಿಡುತ್ತದೆ. ಹಲ್ಲು ಜೋರಾಗಿ ಊರಿದರೆ ಹಾಲು ನಿಲ್ಲುತ್ತದೆ ಎಂಬುದು ಮರಿಗೆ ಅರ್ಥವಾಗುವುದು ಹೀಗೆ. ಅಣ್ಣತಮ್ಮಂದಿರ ಕುಸ್ತಿಯಲ್ಲೂ ಅದೇ ಪಾಠ: ಕಿವಿ ಕಚ್ಚಿಸಿಕೊಂಡದ್ದು ಕುಂಯ್ ಎಂದು ಕಿರುಚಿ ಆಟ ಬಿಟ್ಟು ಹೋಗುತ್ತದೆ, ಕಚ್ಚಿದ್ದು ಒಂಟಿಯಾಗಿ ನಿಲ್ಲುತ್ತದೆ. ದಿನಕ್ಕೆ ಹತ್ತಾರು ಸಲ, ಮೂರು ವಾರ. ಹಲ್ಲಿನ ಹದ ಕಲಿಸುವ ಈ ಕೆಲಸವನ್ನು ಯಾವ ತರಬೇತುದಾರನೂ ಇಷ್ಟು ಚೆನ್ನಾಗಿ ಮಾಡಲಾರ.

ಈ ಶಾಲೆ ಬಿಡಿಸಿ ತಂದ ಮರಿ ಐದಾರು ತಿಂಗಳಲ್ಲಿ ಮನೆಯವರ ಮುಂಗೈಯೆಲ್ಲ ಗೀರು ಮಾಡುತ್ತದೆ. ಆಗ ‘ಈ ತಳಿಯೇ ಹೀಗೆ’ ಎಂಬ ತೀರ್ಮಾನ, ಮೂತಿಗೆ ಏಟು. ಏಟು ತಿಂದ ನಾಯಿ ಕಚ್ಚುವುದನ್ನು ಬಿಡುವುದಿಲ್ಲ, ಮೇಲೆತ್ತಿದ ಕೈ ಕಂಡರೆ ಹೆದರುವುದನ್ನು ಕಲಿಯುತ್ತದೆ. ಅಂಥ ಮರಿ ಈಗಾಗಲೇ ಮನೆಯಲ್ಲಿದ್ದರೆ ತಾಯಿ ಮಾಡುತ್ತಿದ್ದುದನ್ನೇ ಮಾಡಬೇಕು. ಹಲ್ಲು ಚರ್ಮಕ್ಕೆ ತಾಗಿದ ಕ್ಷಣ ಆಟ ನಿಲ್ಲಿಸಿ, ಮಾತಿಲ್ಲದೆ ಎದ್ದು, ಅರ್ಧ ನಿಮಿಷ ಬಾಗಿಲಾಚೆ ಹೋಗಿ ಬರಬೇಕು. ಬಂದ ಮೇಲೆ ಕೈಯ ಬದಲು ಹಗ್ಗದ ಗಂಟು ಕೊಡಬೇಕು. ಮನೆಯ ಎಲ್ಲರೂ ಹೀಗೇ ನಡೆದುಕೊಂಡರೆ ಕೆಲವು ವಾರಗಳಲ್ಲಿ ಹದಕ್ಕೆ ಬರುತ್ತದೆ. ಒಬ್ಬರು ಎದ್ದು ಹೋಗಿ, ಇನ್ನೊಬ್ಬರು ನಗುತ್ತಾ ಕೈ ಕೊಟ್ಟರೆ ವರ್ಷವಾದರೂ ಬರುವುದಿಲ್ಲ.

ಬೇಗ ತರಬಾರದೆನ್ನಲು ಎರಡನೇ ಕಾರಣ ಪಾರ್ವೊ, ಮರಿಗಳ ಕರುಳಿಗೆ ತಗಲುವ ವೈರಾಣು ರೋಗ. ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಲ್ಲಿ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಆರರಿಂದ ಹದಿನಾರು ವಾರದೊಳಗೆ ಇಳಿಯುತ್ತಾ ಹೋಗುತ್ತದೆ. ಅದು ಇರುವಷ್ಟು ದಿನ ಲಸಿಕೆಯನ್ನೂ ಅದು ಹೊಡೆದು ಹಾಕುತ್ತದೆ. ನಡುವೆ ಕೆಲವು ದಿನ ತಾಯಿಯದ್ದು ರೋಗ ತಡೆಯುವಷ್ಟು ಉಳಿದಿರುವುದಿಲ್ಲ, ಲಸಿಕೆಯದ್ದು ಇನ್ನೂ ಹಿಡಿದಿರುವುದಿಲ್ಲ. ಆ ಸಂದು ಯಾವ ಮರಿಗೆ ಯಾವಾಗ ಬರುತ್ತದೋ ಹೊರಗಿನಿಂದ ಹೇಳಲಾಗದು. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರುಮಾಡಿ ಮೂರು–ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ ಡೋಸ್ ಹಾಕಿಸುವುದು. ಜಾಹೀರಾತಿನ ‘ಲಸಿಕೆ ಆಗಿದೆ’ ಎಂದರೆ ಬಹಳವೆಂದರೆ ಈ ಸರಣಿಯ ಮೊದಲ ಡೋಸ್. ಅದನ್ನು ನಂಬಿ ಮರಿಯನ್ನು ಬಡಾವಣೆಯ ಪಾರ್ಕಿನಲ್ಲಿ ಬಿಟ್ಟರೆ, ಊಟ ಬಿಡುವುದು, ವಾಂತಿ, ಆಮೇಲೆ ಕೆಟ್ಟ ನಾತದ ರಕ್ತಭೇದಿ. ಮೈಯ ನೀರು ಗಂಟೆಗಳ ಲೆಕ್ಕದಲ್ಲಿ ಇಳಿಯುವುದರಿಂದ ‘ನಾಳೆ ನೋಡೋಣ’ ಎನ್ನುವ ರೋಗ ಇದಲ್ಲ. ಮನೆಯ ಫಿನಾಯಿಲಿಗೆ ಈ ವೈರಾಣು ಜಗ್ಗುವುದಿಲ್ಲ. ನೆಲದ ಹೊಲಸು ತೆಗೆದು ತೊಳೆದ ಮೇಲೆ, ಒಂದು ಪಾಲು ಬಟ್ಟೆಯ ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಮಣ್ಣಿನ ಅಂಗಳಕ್ಕೆ ಅದೂ ಸಾಲದು, ಅಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿಯುತ್ತದೆ.

ಹಾಗಿದ್ದೂ 35 ದಿನಕ್ಕೇ ಮಾರುವ ಅವಸರ ಏಕೆ? ಲೆಕ್ಕ ಸರಳ. ನಾಲ್ಕು ವಾರದವರೆಗೆ ಮರಿಗಳನ್ನು ಸಾಕುವುದು ತಾಯಿ, ಅಲ್ಲಿಂದಾಚೆ ಮಾಲೀಕ. ಏಳೆಂಟು ವಾರದ ಒಂದು ಲ್ಯಾಬ್ ಮರಿ ದಿನಕ್ಕೆ ಸುಮಾರು 200 ಗ್ರಾಂ ಒಣ ಆಹಾರ ತಿನ್ನುತ್ತದೆ. ಎಂಟು ಮರಿಯಿದ್ದರೆ ದಿನಕ್ಕೆ ಒಂದೂವರೆ ಕೆ.ಜಿ. ಮೇಲೆ. ಜೊತೆಗೆ ಎರಡು, ನಾಲ್ಕು, ಆರು, ಎಂಟನೇ ವಾರದ ಜಂತುಹುಳದ ಔಷಧಿ, ಮೊದಲ ಲಸಿಕೆ, ಗುರುತಿಗೆ ಚರ್ಮದಡಿ ಹಾಕಿಸುವ ಮೈಕ್ರೋಚಿಪ್ಪು, ದಿನಕ್ಕೆ ಹತ್ತು ಸಲ ನೆಲ ಒರೆಸುವ ಕೆಲಸ. ಬೆಲೆ ಮಾತ್ರ 35 ದಿನಕ್ಕೂ 60 ದಿನಕ್ಕೂ ಒಂದೇ. ನಿಜ ಹೇಳಬೇಕೆಂದರೆ ಗುಂಡಗಿನ ಮರಿಗೆ ಗಿರಾಕಿ ಜಾಸ್ತಿ, ಕಾಲು ಉದ್ದವಾದ ಎರಡು ತಿಂಗಳ ಮರಿಯನ್ನು ‘ದೊಡ್ಡದಾಯಿತು’ ಎಂದು ಬಿಟ್ಟು ಹೋಗುತ್ತಾರೆ. ತಪ್ಪಿನ ಅರ್ಧ ಪಾಲು ಕೊಳ್ಳುವವರದು.

ಮೈಸೂರಿಗೆ ಇನ್ನೊಂದು ಲೆಕ್ಕವೂ ಇದೆ. ರೈತ ದಸರಾದ ಸಾಕುಪ್ರಾಣಿ ಪ್ರದರ್ಶನ ನೋಡಿ ಬಂದ ಮನೆಯಲ್ಲಿ ಮಕ್ಕಳು ಮರಿ ಬೇಕೆಂದು ಹಟ ಹಿಡಿಯುತ್ತಾರೆ. ವಿಜಯದಶಮಿಯಿಂದ ನರಕ ಚತುರ್ದಶಿಗೆ ಸುಮಾರು ಹತ್ತೊಂಬತ್ತು ದಿನ. ಹಬ್ಬಕ್ಕೆ ತಂದ 35 ದಿನದ ಮರಿಗೆ ಪಟಾಕಿ ಹೊತ್ತಿಗೆ 54 ದಿನ. ಎಂಟನೇ ವಾರದ ಆಸುಪಾಸು ಮರಿಗೆ ಭಯ ಅಂಟಿಕೊಳ್ಳುವ ಕಾಲ, ಆಗ ಬೆಚ್ಚಿದ್ದು ಜೀವಮಾನವಿಡೀ ಉಳಿಯಬಹುದು. ತಾಯಿಯೂ ಇಲ್ಲ, ಒಡಹುಟ್ಟಿದವೂ ಇಲ್ಲ, ಮೇಲೆ ಆನೆಪಟಾಕಿ. ದಸರೆಗೆ ಎಂಟು ವಾರ ತುಂಬಿದ ಮರಿಯನ್ನು ತಂದರೂ ಆ ಹತ್ತೊಂಬತ್ತು ದಿನ ತಯಾರಿಗೆ ಬೇಕು: ಪಟಾಕಿ ಸದ್ದಿನ ರೆಕಾರ್ಡಿಂಗನ್ನು ಮೊಬೈಲಿನಲ್ಲಿ ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ ಜೊತೆಗೇ ಊಟ ಕೊಡುವುದು, ಮರಿ ತಿನ್ನುವುದನ್ನು ನಿಲ್ಲಿಸದಿದ್ದರೆ ಮಾತ್ರ ಮರುದಿನ ಒಂದು ಗೆರೆ ಏರಿಸುವುದು. ಹಬ್ಬದ ರಾತ್ರಿ ಕಿಟಕಿಯಿಲ್ಲದ ಒಳಕೋಣೆ, ಫ್ಯಾನು, ಟಿವಿ ಸದ್ದು. ಚೈನು ಹಾಕಿ ಕಟ್ಟಲೇಬಾರದು, ಬೆದರಿ ಎಳೆದಾಡಿ ಕುತ್ತಿಗೆಗೆ ಸಿಕ್ಕಿಸಿಕೊಳ್ಳುತ್ತದೆ.

ಲಸಿಕೆ ಮುಗಿಯುವವರೆಗೆ ಹೊರಗೇ ಒಯ್ಯಬಾರದು ಎಂದು ಮರಿಯನ್ನು ನಾಲ್ಕು ತಿಂಗಳು ಗೇಟಿನೊಳಗೆ ಇಡುವವರೂ ಎಡವುತ್ತಾರೆ. ಹೊಸದನ್ನು ಸಹಜವೆಂದು ಒಪ್ಪಿಕೊಳ್ಳುವ ಬಾಗಿಲು ಹನ್ನೆರಡು–ಹದಿನಾಲ್ಕು ವಾರಕ್ಕೆ ಮುಚ್ಚುತ್ತಾ ಬರುತ್ತದೆ. ಉಪಾಯವೆಂದರೆ ನೆಲಕ್ಕೆ ಬಿಡದೆ ತೋರಿಸುವುದು. ತೋಳಿನಲ್ಲಿ ಎತ್ತಿಕೊಂಡು ಸಿಟಿ ಬಸ್ಸಿನ ಬ್ರೇಕು, ಟಾಂಗಾ ಕುದುರೆಯ ಗೊರಸು, ಹೆಲ್ಮೆಟ್ಟಿನ ಮುಖ, ಛತ್ರಿ, ಶಾಲೆ ಬಿಟ್ಟ ಮಕ್ಕಳ ಗದ್ದಲ, ಒಂದೊಂದನ್ನೂ ದೂರದಿಂದ ಐದು ನಿಮಿಷ, ಬಾಯಿಗೊಂದು ಚೂರು ಕೋಳಿ. ಕುಕ್ಕರಹಳ್ಳಿ ಕೆರೆಯ ಕಡೆಗೆ ಒಯ್ದರೂ ಮರಿ ಮಡಿಲಿನಲ್ಲೇ ಇರಲಿ.

ಊಟದ ವಿಷಯದಲ್ಲಿ ಮಂಡ್ಯ ಕಡೆಯವರಿಗೆ ಒಂದು ಮಾತು. ರಾಗಿಮುದ್ದೆ ನಾಯಿಗೆ ಕೆಟ್ಟದ್ದಲ್ಲ, ಆದರೆ ಬೆಳೆಯುವ ಮರಿಗೆ ಮುದ್ದೆ–ಸಾರೇ ಊಟವಾದರೆ ಮಾಂಸಖಂಡ ಕಟ್ಟುವುದಿಲ್ಲ. ಮೊಟ್ಟೆಯೋ ಕೋಳಿಯೋ ಪ್ರತಿ ಹೊತ್ತೂ ಇರಬೇಕು, ಸಾರಿನ ಈರುಳ್ಳಿ ಇರಲೇಬಾರದು. ಹಾಲು–ಬಿಸ್ಕತ್ತು ಭೇದಿಗೆ ದಾರಿ. ಪ್ಯಾಕೆಟ್ ಆಹಾರ ಹಾಕುವವರು ಅದರ ಮೇಲೆ ಕ್ಯಾಲ್ಸಿಯಂ ಸಿರಪ್ಪು ಸುರಿಯುವುದು ಇನ್ನೊಂದು ಚಟ. ದೊಡ್ಡ ತಳಿಯ ಮರಿಗೆ ಹೆಚ್ಚುವರಿ ಕ್ಯಾಲ್ಸಿಯಂ ಮೂಳೆಯನ್ನು ಗಟ್ಟಿ ಮಾಡುವುದಿಲ್ಲ, ಬೆಳವಣಿಗೆಯನ್ನೇ ಸೊಟ್ಟ ಮಾಡುತ್ತದೆ. ನುಣ್ಣನೆಯ ಟೈಲ್ಸ್ ನೆಲದಲ್ಲಿ ಜರ್ಮನ್ ಶೆಫರ್ಡ್, ಲ್ಯಾಬ್ ಮರಿಗಳ ಹಿಂಗಾಲು ಜಾರುತ್ತಲೇ ಇದ್ದರೆ ಸೊಂಟದ ಕೀಲಿಗೆ ಪೆಟ್ಟು. ಓಡಾಡುವ ದಾರಿಗೆ ಗೋಣಿತಾಟು ಹಾಸಿದರೆ ಸಾಕು. ಮೂರು ತಿಂಗಳು ತುಂಬುವವರೆಗೆ ಮಹಡಿ ಮೆಟ್ಟಿಲು ಹತ್ತಿಸದೆ ಎತ್ತಿಕೊಂಡೇ ಹೋಗಬೇಕು.

ಮುಧೋಳ ಮರಿ ಬೇಕೆನ್ನುವವರಿಗೂ ಎಂಟು ವಾರದ ಮಾತು ಒಂದೇ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮದೇ ತಳಿ, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಪಕ್ಕೆಲುಬು ಕಾಣುತ್ತದೆಂದು ಅದಕ್ಕೆ ತುರುಕಬೇಡಿ, ಅದರ ಮೈಕಟ್ಟೇ ಹಾಗೆ. ಆಪರೇಷನ್ ಆಗಬೇಕಾದರೆ ವೈದ್ಯರಿಗೆ ತಳಿ ಯಾವುದೆಂದು ಮೊದಲೇ ಹೇಳಿ: ಮೈಯಲ್ಲಿ ಕೊಬ್ಬು ಕಡಿಮೆಯಿರುವ ಓಟದ ನಾಯಿಗಳು ಥಯೋಪೆಂಟಾಲಿನಂಥ ಅರಿವಳಿಕೆಯಿಂದ ಬೇಗ ಎಚ್ಚರಗೊಳ್ಳುವುದಿಲ್ಲ.

ಮನೆಯಲ್ಲೇ ಮರಿ ಹಾಕಿಸುವವರಲ್ಲಿ ಪ್ರಾಮಾಣಿಕರು ಬಹಳ ಇದ್ದಾರೆ, ಅವರು ಎಡವುವುದು ಹೇಳಿಕೆ ಮಾತು ಕೇಳಿ. ‘ಬೆದೆಯ ಹತ್ತನೇ ದಿನ, ಹನ್ನೆರಡನೇ ದಿನ’ ಎಂಬ ಲೆಕ್ಕ ಎಲ್ಲ ನಾಯಿಗೂ ಹೊಂದುವುದಿಲ್ಲ, ಕೆಲವು ಏಳನೇ ದಿನಕ್ಕೇ ತಯಾರು, ಕೆಲವು ಹದಿನೆಂಟು ದಾಟುತ್ತವೆ. ರಕ್ತದ ಪ್ರೊಜೆಸ್ಟರಾನ್ ಹಾರ್ಮೋನಿನ ಪರೀಕ್ಷೆಯೊಂದೇ ನಂಬಬಹುದಾದ ದಾರಿ, ಸೂಲಿನ ದಿನವೂ ಅದರಿಂದಲೇ ಸರಿಯಾಗಿ ಸಿಗುತ್ತದೆ: ಅಂಡ ಬಿಡುಗಡೆಯಿಂದ 63 ದಿನ, ಒಂದು ದಿನ ಆಚೀಚೆ. ಕೊನೆಯ ವಾರ ದಿನಕ್ಕೆರಡು ಸಲ ಉಷ್ಣತೆ ಬರೆದಿಟ್ಟುಕೊಂಡರೆ, 37 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದ ಮೇಲೆ ಸಾಮಾನ್ಯವಾಗಿ ಒಂದು ದಿನದೊಳಗೆ ನೋವು ಶುರು. ಗಬ್ಬದ ನಾಯಿಗೆ ಕ್ಯಾಲ್ಸಿಯಂ ಕುಡಿಸುವುದು ದೊಡ್ಡ ತಪ್ಪು. ಹೊರಗಿನಿಂದ ಸುಲಭವಾಗಿ ಸಿಕ್ಕರೆ ಮೂಳೆಯಿಂದ ತೆಗೆದುಕೊಳ್ಳುವ ವ್ಯವಸ್ಥೆ ಮಲಗಿಬಿಡುತ್ತದೆ, ಹಾಲು ಜೋರಾಗುವ ಎರಡು–ಮೂರನೇ ವಾರದಲ್ಲಿ ತಾಯಿ ಏದುಸಿರು ಬಿಟ್ಟು, ನಡುಗಿ, ಕಾಲು ಸೆಟೆದು ಬೀಳುತ್ತದೆ. ಆಗ ಮರಿಗಳನ್ನು ಬೇರೆ ಮಾಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ.

ಮರಿ ನೋಡಲು ಹೋದವರು ತಾಯಿಯನ್ನು ಕೇಳಬೇಕು. ‘ತಾಯಿ ತೋಟದ ಮನೆಯಲ್ಲಿದೆ’ ಎಂದರೆ ಅಲ್ಲಿಂದಲೇ ಹಿಂದಿರುಗುವುದು ಲೇಸು. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ತುಟಿ ಎತ್ತಿ ಎಣಿಸಬಹುದು: ಎಂಟು ವಾರಕ್ಕೆ ಸಾಮಾನ್ಯವಾಗಿ ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು, ಒಟ್ಟು 28 ಹಾಲುಹಲ್ಲು. ಸಣ್ಣ ತಳಿಗಳಲ್ಲಿ ಒಂದೆರಡು ತಡವಾಗುವುದುಂಟು, ಆದರೆ ಹಿಂದಿನ ಒಸಡು ಪೂರಾ ಬೋಳಾಗಿದ್ದರೆ ಆ ಮರಿಗೆ ಎಂಟು ವಾರ ಆಗಿಲ್ಲ. ಲಸಿಕೆ ಪುಸ್ತಕದಲ್ಲಿ ಪೆನ್ನಿನ ಗೀಟು ಸಾಲದು, ಸೀಸೆಯಿಂದ ಕಿತ್ತು ಅಂಟಿಸಿದ ಬ್ಯಾಚ್ ನಂಬರಿನ ಚೀಟಿ, ಪಕ್ಕದಲ್ಲಿ ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ‘ಪೇಪರ್ ಇದೆ’, ಅಂದರೆ ವಂಶದ ದಾಖಲೆ ಇದೆ ಎಂದರೆ, ಅದರ ಮೇಲಿನ 15 ಅಂಕಿಯ ಚಿಪ್ಪಿನ ಸಂಖ್ಯೆಯನ್ನು ಸ್ಕ್ಯಾನರ್ ಹಿಡಿದು ಮರಿಯ ಭುಜದಲ್ಲಿ ಓದಿಸಿಯೇ ಹಣ ಕೊಡಬೇಕು. ಅಂದಹಾಗೆ ಪೇಪರ್ ಹೇಳುವುದು ವಂಶ, ಆರೋಗ್ಯವಲ್ಲ. ದೊಡ್ಡ ತಳಿಯಾದರೆ ಅಪ್ಪ–ಅಮ್ಮನ ಸೊಂಟದ ಎಕ್ಸ್‌ರೇ ಬೇರೆಯೇ ಕೇಳಬೇಕು.

ಇವಿಷ್ಟನ್ನೂ ಕೊಳ್ಳುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಅದಕ್ಕೇ ತಮ್ಮಲ್ಲಿ ಈ ಕೋರಿಕೆ. ನಾಯಿಮರಿಯ ಜಾಹೀರಾತು ತಂದವರಿಂದ ಮರಿಯ ಹುಟ್ಟಿದ ದಿನಾಂಕ ಮತ್ತು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಬ್ರೀಡರ್ ಆಗಿ ಪಡೆದ ನೋಂದಣಿ ಸಂಖ್ಯೆ ಕೇಳಿ, ಎರಡನ್ನೂ ಜಾಹೀರಾತಿನಲ್ಲೇ ಅಚ್ಚು ಮಾಡಿ. ದಿನಾಂಕದಿಂದ 56 ದಿನ ಎಣಿಸುವುದು ಕೌಂಟರಿನಲ್ಲಿ ಕೂತವರಿಗೆ ಅರ್ಧ ನಿಮಿಷದ ಕೆಲಸ. ತುಂಬಿಲ್ಲದಿದ್ದರೆ ತುಂಬುವ ವಾರಕ್ಕೆ ಬನ್ನಿ ಎಂದು ಕಳಿಸಿ. ಈ ವರ್ಷದ ದಸರಾ ಪುರವಣಿಯ ಜಾಹೀರಾತಿನಿಂದಲೇ ಇದು ಜಾರಿಗೆ ಬರಲಿ.

— ಶ್ವಾನ ಸಾಕಣೆದಾರರು, ಮೈಸೂರು